ಫ್ರಿಜ್‌ಗೆ ಸ್ಟಾರ್ ಇದೆ, ಕ್ಯಾಮೆರಾಗೆ?

ಊರಿನ ಮನೆ ಜಗಲಿಗೆ ಒಂದು ವೈಫೈ ಕ್ಯಾಮೆರಾ ಹಾಕಿಸಿದೆ. ಅಲ್ಲಿ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ, ಬೆಂಗಳೂರಿನಿಂದ ಆಗಾಗ ನೋಡಬಹುದು ಅಂತ. ಹಾಕುವವನು ಹೋದ ಕೂಡಲೇ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಇದು ನಾವು ಮಾತಾಡೋದನ್ನೂ ಕೇಳಿಸ್ಕೊಳ್ಳುತ್ತಾ?"

ನನಗೆ ಗೊತ್ತಿರಲಿಲ್ಲ. ಡಬ್ಬ ತಿರುಗಿಸಿ ತಿರುಗಿಸಿ ನೋಡಿದೆ. ಎಷ್ಟು ಮೆಗಾಪಿಕ್ಸೆಲ್, ಕತ್ತಲಲ್ಲಿ ಎಷ್ಟು ದೂರ ಕಾಣುತ್ತದೆ, ಎಲ್ಲ ಇತ್ತು. ಮೈಕ್ ಬಗ್ಗೆ ಒಂದು ಮಾತಿಲ್ಲ. ವಿಡಿಯೊ ಎಲ್ಲಿಗೆ ಹೋಗಿ ಕೂರುತ್ತದೆ, ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ, ಅದೂ ಇಲ್ಲ.

ಅದೇ ಮನೆಯ ಅಡುಗೆಮನೆಯಲ್ಲಿರುವ ಫ್ರಿಜ್ ನೋಡಿ. ಬಾಗಿಲ ಮೇಲೆ ಸ್ಟಾರ್ ಚೀಟಿ ಇದೆ. ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು ತಿನ್ನುತ್ತದೆ ಎಂದು ಅದರಲ್ಲೇ ಅಚ್ಚಾಗಿದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ ಈ ಪದ್ಧತಿ ತಂದಿದ್ದು 2006ರಲ್ಲಿ. 2010ರಿಂದ ಫ್ರಾಸ್ಟ್‌ಫ್ರೀ ಫ್ರಿಜ್, ಎಸಿ, ಟ್ಯೂಬ್‌ಲೈಟ್‌ಗಳಿಗೆ ಅದು ಕಡ್ಡಾಯವಾಯಿತು. ಕಂಪ್ರೆಸರ್ ಹೇಗೆ ಕೆಲಸ ಮಾಡುತ್ತದೆ ಅಂತ ನಮ್ಮಮ್ಮನಿಗೆ ತಿಳಿಯದು. ಆದರೆ ಅಂಗಡಿಯಲ್ಲಿ "ಎಷ್ಟು ಸ್ಟಾರ್?" ಎಂದು ಕೇಳದೆ ಇರುವುದಿಲ್ಲ. ಮನೆಯೊಳಗಿನ ಮಾತು, ಓಡಾಟ ನೋಡುವ ಯಂತ್ರಕ್ಕೂ ಇಂಥದ್ದೇ ಒಂದು ಚೀಟಿ ಬೇಕಲ್ವಾ?

ಚೀಟಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೇ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದ್ದರು. ಕೊಳ್ಳುವವರಿಗೆ ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಗೊತ್ತಾಗದಿದ್ದರೆ ಯಾರೂ ಒಳ್ಳೆಯದಕ್ಕೆ ಜಾಸ್ತಿ ದುಡ್ಡು ಕೊಡುವುದಿಲ್ಲ. ಒಳ್ಳೆಯ ಕಾರಿನವರು ಸಂತೆ ಬಿಟ್ಟು ಹೋಗುತ್ತಾರೆ. ಉಳಿಯುವುದು ಕೆಟ್ಟದ್ದೇ. ಕ್ಯಾಮೆರಾ, ರೌಟರ್, ಸ್ಮಾರ್ಟ್ ಬಲ್ಬುಗಳ ಸಂತೆಯೂ ಹೀಗೆಯೇ ಇದೆ. ಭದ್ರತೆಗೆ ಖರ್ಚು ಮಾಡಿದ ಕಂಪನಿಗೆ ಅದನ್ನು ತೋರಿಸಲು ದಾರಿಯಿಲ್ಲ. ಖರ್ಚು ಮಾಡದವನು ಕಡಿಮೆ ಬೆಲೆಗೆ ಮಾರಿ ಗೆಲ್ಲುತ್ತಾನೆ.

ಇದರ ಫಲ 2016ರಲ್ಲಿ ಇಡೀ ಜಗತ್ತಿಗೆ ಕಾಣಿಸಿತು. ಆಗ ಎಷ್ಟೋ ಕ್ಯಾಮೆರಾ, ರೌಟರ್‌ಗಳು ಕಾರ್ಖಾನೆಯಿಂದ ಒಂದೇ ಪಾಸ್‌ವರ್ಡ್ ಹೊತ್ತು ಬರುತ್ತಿದ್ದವು. ಕೊಂಡವರು ಅದನ್ನು ಬದಲಿಸುತ್ತಿರಲಿಲ್ಲ. ಬದಲಿಸಬೇಕು ಎಂದು ಅವರಿಗೆ ಹೇಳಿದವರೂ ಇಲ್ಲ. ಮಿರಾಯ್ ಎಂಬ ಕುತಂತ್ರಾಂಶ ಇಂಟರ್‌ನೆಟ್‌ನಲ್ಲಿ ಮನೆಮನೆಯ ಬಾಗಿಲು ತಟ್ಟಿದಂತೆ ಒಂದೊಂದೇ ಸಾಧನವನ್ನು ತಟ್ಟುತ್ತಾ ಹೋಯಿತು. ಅದರ ಕೈಯಲ್ಲಿದ್ದುದು ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಅಷ್ಟರಿಂದಲೇ ಲಕ್ಷಾಂತರ ಸಾಧನಗಳು ಅದರ ವಶವಾದವು. ಅಕ್ಟೋಬರ್ 21ರಂದು ಅಂಥ ಸಾಧನಗಳೆಲ್ಲ ಒಟ್ಟಿಗೆ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದವು. ವೆಬ್‌ಸೈಟ್ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಕಂಪನಿ ಅದು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳು ಗಂಟೆಗಟ್ಟಲೆ ಅನೇಕರಿಗೆ ಸಿಗಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಸಂಗತಿ. ಆ ಕ್ಯಾಮೆರಾಗಳ ಮಾಲೀಕರಿಗೆ ಏನೂ ಗೊತ್ತಾಗಲಿಲ್ಲ. ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇತ್ತು.

ಇಂಥ ಸಾಧನಗಳಿಗೆ ಯುರೋಪಿನಲ್ಲಿ ಮೊದಲು ಸರ್ಕಾರಿ ಭದ್ರತಾ ಲೇಬಲ್ ತಂದಿದ್ದು ಫಿನ್‌ಲೆಂಡ್, 2019ರ ನವೆಂಬರ್‌ನಲ್ಲಿ. ಮರುವರ್ಷ ಸಿಂಗಪುರ ತಂದ ಲೇಬಲ್ ನಮ್ಮ ಸ್ಟಾರ್ ಚೀಟಿಗೆ ಹತ್ತಿರದ್ದು. ಅದರಲ್ಲಿ ನಾಲ್ಕು ಮಟ್ಟಗಳಿವೆ. ಮೊದಲ ಮಟ್ಟಕ್ಕೆ ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್ ಇರಬಾರದು, ಅಪ್‌ಡೇಟ್ ಕೊಡುವ ವ್ಯವಸ್ಥೆ ಇರಬೇಕು. ಎರಡನೆಯದಕ್ಕೆ ಸಾಧನವನ್ನು ರೂಪಿಸುವಾಗಲೇ ಭದ್ರತೆ ಲೆಕ್ಕಕ್ಕೆ ಬಂದಿರಬೇಕು. ಮೂರನೆಯದರಲ್ಲಿ ಹೊರಗಿನ ಪ್ರಯೋಗಾಲಯ ಸಾಫ್ಟ್‌ವೇರ್ ಬಿಡಿಸಿ ನೋಡುತ್ತದೆ. ನಾಲ್ಕನೆಯದರಲ್ಲಿ ಪರಿಣತರೇ ಕಳ್ಳರಂತೆ ಒಳನುಗ್ಗಲು ಯತ್ನಿಸಿ ಪರೀಕ್ಷಿಸುತ್ತಾರೆ. 2021ರಿಂದ ಅಲ್ಲಿ ಮೊದಲ ಮಟ್ಟವಾದರೂ ಇಲ್ಲದ ವೈಫೈ ರೌಟರ್ ಮಾರುವಂತಿಲ್ಲ. ನನಗೆ ತುಂಬಾ ಇಷ್ಟವಾದದ್ದು, ಈ ಲೇಬಲ್‌ಗೆ ಆಯುಸ್ಸು ಇದೆ. ಕಂಪನಿ ಅಪ್‌ಡೇಟ್ ಕೊಡುವಷ್ಟು ಕಾಲ, ಹೆಚ್ಚೆಂದರೆ ಮೂರು ವರ್ಷ. ಹಾಲಿನ ಪ್ಯಾಕೆಟ್ ಮೇಲೆ ತಾರೀಕು ಇರುವ ಹಾಗೆ. ಸಾಫ್ಟ್‌ವೇರ್ ಕೂಡ ಹಳಸುತ್ತದೆ.

ಬ್ರಿಟನ್ ಸ್ಟಾರ್ ಕೊಡುವ ಗೋಜಿಗೆ ಹೋಗದೆ ನೇರ ಕಾನೂನೇ ಮಾಡಿತು. 2024ರ ಏಪ್ರಿಲ್ 29ರಿಂದ ಅಲ್ಲಿ ಮಾರುವ ಸ್ಮಾರ್ಟ್ ಸಾಧನಕ್ಕೆ ಎಲ್ಲಿಯವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ ಎಂದು ಕಂಪನಿ ಹೇಳಲೇಬೇಕು.

ಆದರೆ ಚೀಟಿ ಅಂಟಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಆಪಲ್ ತನ್ನ ಆ್ಯಪ್ ಅಂಗಡಿಯಲ್ಲಿ ಪ್ರತಿ ಆ್ಯಪ್‌ಗೂ ಖಾಸಗಿತನದ ಲೇಬಲ್ ತಂದಿತು. ಯಾವ ಆ್ಯಪ್ ಯಾವ ಮಾಹಿತಿ ಎಳೆದುಕೊಳ್ಳುತ್ತದೆ ಎಂದು ಒಂದು ನೋಟಕ್ಕೆ ಕಾಣುವ ಹಾಗೆ. ಬರೆಯುವವರು ಮಾತ್ರ ಆ್ಯಪ್ ಮಾಡಿದವರೇ. ಮರು ತಿಂಗಳೇ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಅಂಕಣಕಾರರೊಬ್ಬರು ಕೆಲವು ಆ್ಯಪ್‌ಗಳನ್ನು ಪರೀಕ್ಷಿಸಿದಾಗ ಹಲವು ಲೇಬಲ್‌ಗಳು ಸುಳ್ಳು ಹೇಳುತ್ತಿದ್ದವು. ಫ್ರಿಜ್‌ನ ಸ್ಟಾರ್ ಮೇಲೆ ನಮಗೆ ನಂಬಿಕೆ ಇರುವುದಕ್ಕೆ ಕಾರಣ, ಅಂಗಡಿಯಿಂದಲೇ ಒಂದು ಫ್ರಿಜ್ ಎತ್ತಿಕೊಂಡು ಹೋಗಿ ಪರೀಕ್ಷೆ ಮಾಡುವ ಪದ್ಧತಿ ಇರುವುದು. ಆ ಹೆದರಿಕೆ ಇಲ್ಲದ ಲೇಬಲ್ ಬರೀ ಜಾಹೀರಾತು.

"ಜನ ಇದನ್ನೆಲ್ಲ ಎಲ್ಲಿ ಓದುತ್ತಾರೆ?" ಎಂದು ಕೇಳುವವರಿದ್ದಾರೆ. ಎಲ್ಲರೂ ಓದಬೇಕಾಗಿಲ್ಲ. ಅಮೆರಿಕದಲ್ಲಿ 2006ರ ಜನವರಿಯಿಂದ ಆಹಾರದ ಪ್ಯಾಕೆಟ್ ಮೇಲೆ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬಿನ ಪ್ರಮಾಣ ಬರೆಯುವುದು ಕಡ್ಡಾಯವಾಯಿತು. ಆ ಅಂಕಿ ಎಲ್ಲರ ಕಣ್ಣಿಗೂ ಬೀಳುತ್ತದೆ ಎಂದಾದಾಗ ಎಷ್ಟೋ ಕಂಪನಿಗಳು ಬಿಸ್ಕತ್ತಿನ ಎಣ್ಣೆಯನ್ನೇ ಬದಲಿಸಿದವು. ಪ್ಯಾಕೆಟ್ ಓದದೆ ತಿಂದವರಿಗೂ ಅದರ ಲಾಭ ಸಿಕ್ಕಿತು.

ಅಲ್ಗಾರಿದಮ್‌ಗೆ, ಅಂದರೆ ನಮಗೆ ಏನು ತೋರಿಸಬೇಕು ಎಂದು ಸಾಫ್ಟ್‌ವೇರ್ ಒಳಗೇ ಲೆಕ್ಕ ಹಾಕುವ ಸೂತ್ರಕ್ಕೆ, ಲೇಬಲ್ ಹಾಕುವುದು ಇನ್ನೂ ಕಷ್ಟ. ಒಂದು ಮಾಡೆಲ್‌ನ ಫ್ರಿಜ್ ಎಲ್ಲರ ಮನೆಯಲ್ಲೂ ಒಂದೇ ಫ್ರಿಜ್. ಆದರೆ ಫೋನಿನಲ್ಲಿ ಮುಂದಿನ ವಿಡಿಯೊ ಯಾವುದು ಎಂದು ಆರಿಸುವ ಅಲ್ಗಾರಿದಮ್ ನನಗೊಂದು ಥರ, ನಿಮಗೊಂದು ಥರ. ಅದೂ ಮುಂದಿನ ವಾರ ಬದಲಾಗಬಹುದು. ಇದಕ್ಕೆ ಒಂದು ಅಂಕಿ, ಒಂದು ಸ್ಟಾರ್ ಸಾಲದು. ಯುರೋಪ್ ಒಕ್ಕೂಟದ ಕಾನೂನು ಬೇರೆ ದಾರಿ ಹಿಡಿದಿದೆ. ಏನು ನೋಡಿ ಶಿಫಾರಸು ಮಾಡುತ್ತೀರಿ ಎಂದು ತಾಣಗಳು ಸರಳವಾಗಿ ಹೇಳಬೇಕು. ತೀರಾ ದೊಡ್ಡ ತಾಣಗಳು ಬಳಕೆದಾರರ ಜಾತಕ ನೋಡದೆ ಕೊಡುವ ಶಿಫಾರಸಿನ ಆಯ್ಕೆಯನ್ನೂ ಇಡಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2025ರ ನವೆಂಬರ್‌ನಿಂದ ಗಿರಾಕಿಯ ಮಾಹಿತಿ ನೋಡಿ ಬೆಲೆ ಕಟ್ಟುವ ಅಂಗಡಿಗಳು ಬೆಲೆಯ ಹತ್ತಿರವೇ ಒಂದು ವಾಕ್ಯ ಹಾಕಬೇಕು: ಈ ಬೆಲೆಯನ್ನು ನಿಮ್ಮ ವೈಯಕ್ತಿಕ ಮಾಹಿತಿ ಬಳಸಿ ಅಲ್ಗಾರಿದಮ್ ನಿಗದಿ ಮಾಡಿದೆ. ಯಾವ ಮಾಹಿತಿ ಎಂದು ಅದು ಹೇಳುವುದಿಲ್ಲ, ನಿಜ. ಆದರೂ ಪಕ್ಕದವನಿಗೆ ಬೇರೆ ಬೆಲೆ ಇರಬಹುದು ಎಂಬ ಅನುಮಾನ ಹುಟ್ಟಿಸಲು ಆ ಒಂದು ಸಾಲು ಸಾಕು.

ನಮ್ಮಲ್ಲೂ ಕೆಲಸ ಶುರುವಾಗಿದೆ. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆ ಪಾಸಾಗಬೇಕು ಎಂಬ ನಿಯಮ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯಲ್ಲಿ ಇನ್ನೊಂದು ಒಳ್ಳೆಯ ಅಂಶವಿದೆ. ಮಾಹಿತಿ ಪಡೆಯಲು ಒಪ್ಪಿಗೆ ಕೇಳುವವರು ಇಂಗ್ಲಿಷ್ ಜೊತೆಗೆ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಅದನ್ನು ಓದುವ ಅವಕಾಶ ಕೊಡಬೇಕು. ಅಂದರೆ ಕನ್ನಡದಲ್ಲೂ. ಆದರೆ ಒಪ್ಪಿಗೆ ಕೇಳುವ ಹೊತ್ತಿಗೆ ದುಡ್ಡು ಕೊಟ್ಟಾಗಿರುತ್ತದೆ, ಗೋಡೆಗೆ ಮೊಳೆ ಹೊಡೆದಾಗಿರುತ್ತದೆ. ನನಗೆ ಬೇಕಾದ್ದು ಡಬ್ಬದ ಮೇಲೆ, ಅಂಗಡಿಯಲ್ಲೇ ಕಾಣುವ ನಾಲ್ಕು ಸಾಲು. ಮೈಕ್ ಇದೆಯೇ, ಇಲ್ಲವೇ. ವಿಡಿಯೊ ಎಲ್ಲಿ ಉಳಿಯುತ್ತದೆ. ಅದನ್ನು ಬೇರೆ ಯಾರು ನೋಡಬಹುದು. ಯಾವ ವರ್ಷದವರೆಗೆ ಅಪ್‌ಡೇಟ್ ಸಿಗುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಹೆಚ್ಚುಕಡಿಮೆ ಇಂಥದ್ದೇ ಲೇಬಲ್ ರೂಪಿಸಿದ್ದಾರೆ. ಮುಖ್ಯವಾದದ್ದು ಡಬ್ಬದ ಮೇಲೆ, ವಿವರ ಬೇಕಾದವರಿಗೆ ಕ್ಯೂಆರ್ ಕೋಡ್ ಒಳಗೆ.

ಅಮ್ಮನ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಅರ್ಧ ಗಂಟೆ ಬೇಕಾಯಿತು. ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ, ಅದರೊಳಗಿನ ಇನ್ನೊಂದು ಪುಟದ ತೀರಾ ಕೆಳಗೆ, ಇಂಗ್ಲಿಷಿನಲ್ಲಿ ಒಂದು ಸಣ್ಣ ಗುಂಡಿ ಇತ್ತು. ಅದು ಆನ್ ಆಗಿತ್ತು. ಆಫ್ ಮಾಡಿ ಅಮ್ಮನಿಗೆ ಹೇಳಿದೆ: ಹೌದಮ್ಮ, ಇಷ್ಟು ಹೊತ್ತು ಕೇಳಿಸ್ಕೊಳ್ತಾ ಇತ್ತು.