42ಕ್ಕೆ ಖಾಕಿ ಹಾಕಬಹುದಾ?

ಓದುಗರ ಪ್ರಶ್ನೆ: “ನನಗೆ ಈಗ 42 ವರ್ಷ. ಖಾಸಗಿ ಕಂಪನಿಯಲ್ಲಿ ಕೆಲಸ. ಚಿಕ್ಕಂದಿನಿಂದ ಪೊಲೀಸ್ ಆಗಬೇಕು ಅಂತ ಆಸೆ ಇತ್ತು. ಮನೆ ಜವಾಬ್ದಾರಿಯಲ್ಲಿ ಆಗಲಿಲ್ಲ. ದಿನಾ ಬೆಳಗ್ಗೆ ಓಡುತ್ತೇನೆ, ಆರೋಗ್ಯ ಚೆನ್ನಾಗಿದೆ. ಕರ್ನಾಟಕದಲ್ಲಿ ಈ ವಯಸ್ಸಿಗೆ ಇಲಾಖೆ ಸೇರೋಕೆ ಏನಾದ್ರೂ ದಾರಿ ಇದೆಯಾ ಸಾರ್?”

ಈ ಪ್ರಶ್ನೆ ಕೇಳುವವರು ನೀವೊಬ್ಬರೇ ಅಲ್ಲ. 38, 45, 50 ಅಂತ ವಯಸ್ಸು ಬದಲಾಗುತ್ತದೆ, ಮಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಇದೇ. ಸುತ್ತಿ ಬಳಸಿ ಹೇಳುವುದು ಬೇಡ. ಕಾನ್ಸ್‌ಟೇಬಲ್ ಅಥವಾ ಪಿಎಸ್‌ಐ ಆಗಿ ನೇರ ನೇಮಕಾತಿಯಲ್ಲಿ ಸೇರಲು ನಿಮಗೆ ವಯಸ್ಸು ಮೀರಿದೆ. ನೀವು ಮಾಜಿ ಸೈನಿಕರಾಗಿದ್ದರೆ ಮಾತು ಬೇರೆ, ಅದನ್ನು ಕೆಳಗೆ ಹೇಳುತ್ತೇನೆ. ಆದರೆ ಖಾಕಿ ಹಾಕಿ, ಪೊಲೀಸರ ಪಕ್ಕದಲ್ಲೇ ನಿಂತು ಕೆಲಸ ಮಾಡುವ ಒಂದು ದಾರಿ ಇವತ್ತಿಗೂ ತೆರೆದಿದೆ. ಅದರಲ್ಲಿ ಸಂಬಳವೆಂಬುದಿಲ್ಲ. ಇದನ್ನು ಮೊದಲೇ ತಿಳಿದು ಹೋದರೆ ಬೇಸರವಾಗುವುದಿಲ್ಲ.

ಮೊದಲು ವಯಸ್ಸಿನ ಲೆಕ್ಕ ನೋಡಿಬಿಡೋಣ. ಸಿವಿಲ್ ಕಾನ್ಸ್‌ಟೇಬಲ್ ಹುದ್ದೆಗೆ ಹಿಂದಿನ ಅಧಿಸೂಚನೆಗಳಲ್ಲಿ ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಗಳಿಗೆ 27 ಗರಿಷ್ಠ ವಯಸ್ಸು. ಪಿಎಸ್‌ಐಗೆ 30ರ ಆಸುಪಾಸು. ಸರ್ಕಾರ ಆಗಾಗ ಎರಡು ಮೂರು ವರ್ಷ ಸಡಿಲಿಕೆ ಕೊಡುತ್ತದೆ, ಆ ಸುದ್ದಿ ಬಂದಾಗಲೆಲ್ಲ ಯೂಟ್ಯೂಬಿನಲ್ಲಿ ಹಬ್ಬ. ಆದರೆ ಎಷ್ಟು ಸಡಿಲಿಸಿದರೂ 42ರವರೆಗೆ ಅದು ಎಳೆಯುವುದಿಲ್ಲ. ಐಪಿಎಸ್‌ಗೆ ಯುಪಿಎಸ್‌ಸಿ ಮಿತಿ ಸಾಮಾನ್ಯ ವರ್ಗಕ್ಕೆ 32, ಒಬಿಸಿಗೆ 35, ಪರಿಶಿಷ್ಟ ಜಾತಿ, ಪಂಗಡಗಳಿಗೆ 37. ನಿಯಮ ಯಾಕೆ ಹೀಗೆ ಅಂದರೆ, ನಮ್ಮಲ್ಲಿ ಪೊಲೀಸ್ ಕೆಲಸವನ್ನು ಜೀವಮಾನದ ನೌಕರಿ ಅಂತಲೇ ರೂಪಿಸಿದ್ದಾರೆ. ಹುಡುಗನಾಗಿ ಸೇರಬೇಕು, ತಿಂಗಳುಗಟ್ಟಲೆ ತರಬೇತಿ ಆಗಬೇಕು, ಹೆಡ್ ಕಾನ್ಸ್‌ಟೇಬಲ್, ಎಎಸ್‌ಐ ಅಂತ ವರ್ಷಗಟ್ಟಲೆ ಕಾದು ಮೇಲೆ ಬರಬೇಕು, 60ಕ್ಕೆ ನಿವೃತ್ತಿ. ಬೇರೆ ಕ್ಷೇತ್ರದಲ್ಲಿ ಇಪ್ಪತ್ತು ವರ್ಷ ದುಡಿದು ಬಂದವನಿಗೆ ಈ ಏಣಿಯಲ್ಲಿ ಕಾಲಿಡಲು ಮೆಟ್ಟಿಲೇ ಇಲ್ಲ. ನನ್ನನ್ನು ಕೇಳಿದರೆ ಇದು ನಷ್ಟವೇ. ಸೈಬರ್ ವಂಚನೆ ಕೇಸು ನೋಡಲು ಹದಿನೈದು ವರ್ಷ ಬ್ಯಾಂಕಿನಲ್ಲಿ ದುಡಿದವರು ಬೇಕಾಗುತ್ತಾರೆ ಅಲ್ವಾ? ಇರಲಿ, ನಿಯಮ ಸದ್ಯಕ್ಕೆ ಹೀಗಿದೆ.

ಈಗ ಮಾಜಿ ಸೈನಿಕರ ವಿಷಯ. ರಾಜ್ಯ ಸರ್ಕಾರಿ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10 ಮೀಸಲಾತಿ ಇದೆ. ವಯಸ್ಸಿನ ಮಿತಿಗೆ ಅವರು ಸೇನೆಯಲ್ಲಿ ಕಳೆದ ವರ್ಷಗಳನ್ನು ಸೇರಿಸುತ್ತಾರೆ, ಅದರ ಮೇಲೆ ಇನ್ನೂ 3 ವರ್ಷ. ಒಬ್ಬರು 19ಕ್ಕೆ ಸೇನೆ ಸೇರಿ 17 ವರ್ಷ ಸೇವೆ ಮುಗಿಸಿ 36ಕ್ಕೆ ಊರಿಗೆ ಬಂದರು ಅಂದುಕೊಳ್ಳಿ. ಕಾನ್ಸ್‌ಟೇಬಲ್ ಮಿತಿ 25, ಅದಕ್ಕೆ 17, ಮತ್ತೆ 3. ಒಟ್ಟು 45. ಅಂದರೆ ಅವರಿಗೆ ಇನ್ನೂ ಒಂಬತ್ತು ವರ್ಷ ಸಮಯ ಇದೆ! ನಮ್ಮ ಠಾಣೆಗಳಲ್ಲಿ ಮೀಸೆ ನರೆತ ಹೊಸ ಕಾನ್ಸ್‌ಟೇಬಲ್ ಒಬ್ಬರನ್ನು ಕಂಡರೆ, ಅವರು ಹೆಚ್ಚಾಗಿ ಇದೇ ದಾರಿಯಲ್ಲಿ ಬಂದವರು. ಕೊಡಗು, ಬೆಳಗಾವಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಕ್ಕ ಜಿಲ್ಲೆಗಳವರು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಮನೆಯಲ್ಲಿ ಅಣ್ಣನೋ ಭಾವನೋ ಸೇನೆಯಿಂದ ಬಂದವರಿದ್ದರೆ ಅವರಿಗೂ ಈ ಲೆಕ್ಕ ತಿಳಿಸಿ. ‘ವಯಸ್ಸಾಯ್ತು ಬಿಡು’ ಅಂತ ಅರ್ಜಿಯನ್ನೇ ಹಾಕದೆ ಕೂರುವವರು ಜಾಸ್ತಿ.

ನೀವು ಸೈನಿಕರಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಸರಿಹೊಂದುವ ಉತ್ತರ ಗೃಹರಕ್ಷಕ ದಳ, ಅಂದರೆ ಹೋಮ್ ಗಾರ್ಡ್.

ಜಂಕ್ಷನ್‌ನಲ್ಲಿ ಸೀಟಿ ಊದುತ್ತಾ ನಿಂತವರನ್ನು, ಜಾತ್ರೆಯಲ್ಲಿ ಹಗ್ಗ ಹಿಡಿದವರನ್ನು, ಮತಗಟ್ಟೆ ಬಾಗಿಲಲ್ಲಿ ಸಾಲು ಸರಿಮಾಡುವವರನ್ನು ನಾವು ಪೊಲೀಸರು ಅಂದುಕೊಂಡುಬಿಡುತ್ತೇವೆ. ಹತ್ತಿರ ಹೋಗಿ ಭುಜದ ಬಿಲ್ಲೆ ಓದಿದರೆ ಅವರಲ್ಲಿ ಎಷ್ಟೋ ಜನ ಗೃಹರಕ್ಷಕರು. ಹಗಲು ಆಟೋ ಓಡಿಸುವವರು, ಅಡಿಕೆ ತೋಟ ಇರುವವರು, ಟೈಲರ್‌ಗಳು, ಅಂಗಡಿ ನಡೆಸುವ ಹೆಣ್ಣುಮಕ್ಕಳು. ಮಂಗಳೂರಿನಲ್ಲಿ ದಂತವೈದ್ಯರೊಬ್ಬರು ಜಿಲ್ಲಾ ಸಮಾದೇಷ್ಟರಾಗಿ, ಅಂದರೆ ಕಮಾಂಡೆಂಟ್ ಆಗಿ ದಳವನ್ನು ನಡೆಸಿದ್ದೂ ಇದೆ. ಈ ದಳ ಮೊದಲು ಹುಟ್ಟಿದ್ದು ಬಾಂಬೆಯಲ್ಲಿ, 1946ರ ಡಿಸೆಂಬರಿನಲ್ಲಿ, ಗಲಭೆಯ ಕಾಲದಲ್ಲಿ ಪೊಲೀಸರಿಗೆ ಕೈಜೋಡಿಸಲಿಕ್ಕೆ. 1962ರ ಚೀನಾ ಯುದ್ಧದ ನಂತರ ದೇಶದ ತುಂಬ ಒಂದೇ ರೀತಿಯ ದಳ ಕಟ್ಟಲು ಕೇಂದ್ರ ಎಲ್ಲ ರಾಜ್ಯಗಳಿಗೂ ಹೇಳಿತು. ನಮ್ಮ ರಾಜ್ಯದ ಗೃಹರಕ್ಷಕ ಕಾಯ್ದೆಯೂ 1962ರದ್ದೇ. ಕರ್ತವ್ಯಕ್ಕೆ ಕರೆದಾಗ ಗೃಹರಕ್ಷಕರಿಗೆ ಪೊಲೀಸರಿಗಿರುವ ಅಧಿಕಾರ, ರಕ್ಷಣೆ ಇರುತ್ತದೆ. ಕರ್ತವ್ಯ ಮುಗಿದು ಸಮವಸ್ತ್ರ ಕಳಚಿದ ಮೇಲೆ ನೀವು ಎಲ್ಲರಂತೆ ಸಾಮಾನ್ಯ ನಾಗರಿಕರು.

ವಯಸ್ಸು? ಕೇಂದ್ರ ಗೃಹ ಸಚಿವಾಲಯ ಹೇಳುವುದು 18ರಿಂದ 50. ಜಿಲ್ಲಾ ಪ್ರಕಟಣೆಗಳಲ್ಲಿ ಈ ಎರಡು ಸಂಖ್ಯೆ ಸ್ವಲ್ಪ ಹಿಂದೆ ಮುಂದೆ ಆಗುತ್ತವೆ, ಕೆಲವು ಕಡೆ 45ಕ್ಕೇ ನಿಲ್ಲಿಸುತ್ತಾರೆ. ನಿಮಗೆ 42. ತಡಮಾಡಬೇಡಿ. ಅರ್ಜಿಗೆ ಬೇಕಾಗುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಸರ್ಕಾರಿ ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್, ಫೋಟೊ. ಪೊಲೀಸ್ ಕೇಸು ಇರಬಾರದು, ಅದನ್ನು ಅವರೇ ಪರಿಶೀಲಿಸುತ್ತಾರೆ. ಆಯ್ಕೆಯಾದ ಮೇಲೆ ಸಾಮಾನ್ಯವಾಗಿ ಹತ್ತು ದಿನದ ಮೂಲ ತರಬೇತಿ ಶಿಬಿರ ಇರುತ್ತದೆ. ಕವಾಯತು, ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವುದು, ಟ್ರಾಫಿಕ್ ಕೈಸನ್ನೆ. ಆಮೇಲೆ ವಾರದ ಪರೇಡ್. ‘ಸಾವಧಾನ್’ ಅಂದಾಗ ನಿಮ್ಮ ಪಕ್ಕದಲ್ಲಿ ಇಪ್ಪತ್ತೆರಡರ ಹುಡುಗ ನಿಂತಿರುತ್ತಾನೆ. ನಿಮಗೆ ಆಜ್ಞೆ ಕೊಡುವ ಸೆಕ್ಷನ್ ಲೀಡರ್ ನಿಮಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಕಂಪನಿಯಲ್ಲಿ ಹತ್ತು ಜನರ ಮೇಲೆ ಮ್ಯಾನೇಜರ್ ಆಗಿದ್ದವರಿಗೆ ಇದು ಓಟಕ್ಕಿಂತ ಕಷ್ಟ. ಸೇರಿ ಆರು ತಿಂಗಳಲ್ಲಿ ಬಿಟ್ಟವರು ಹಲವರು ಮಂಡಿನೋವಿಗಿಂತ ಈ ಕಾರಣಕ್ಕೇ ಬಿಟ್ಟಿದ್ದಾರೆ.

ಕೆಲಸ ಹೇಗಿರುತ್ತದೆ ಅಂತ ಒಂದು ಉದಾಹರಣೆ. ಮೈಸೂರು ದಸರಾ ಜಂಬೂಸವಾರಿ ಅಂದುಕೊಳ್ಳಿ. ಅರಮನೆಯಿಂದ ಬನ್ನಿಮಂಟಪದವರೆಗೆ ರಸ್ತೆ ಪಕ್ಕದಲ್ಲಿ ಜನ. ಬಂದೋಬಸ್ತಿಗೆ ನಿಂತವರಿಗೆ ಮೊದಲ ಪಾಠ: ಮುಖ ಜನರ ಕಡೆ, ಬೆನ್ನು ಮೆರವಣಿಗೆ ಕಡೆ. ನೂಕುನುಗ್ಗಲಿನಲ್ಲಿ ಮಗು ಸಿಕ್ಕಿಕೊಂಡಿತೇ, ಯಾರಾದರೂ ತಲೆತಿರುಗಿ ಕುಸಿದರೇ, ಯಾರ ಕೈ ಯಾರ ಜೇಬಿನಲ್ಲಿದೆ ಅಂತ ನೋಡುತ್ತಿರಬೇಕು. ಹಿಂದೆ ಅಂಬಾರಿ ಹೋಗುತ್ತದೆ, ಎದುರಿನ ಸಾವಿರ ಜನ ಒಟ್ಟಿಗೆ ಫೋನ್ ಎತ್ತುತ್ತಾರೆ. ನೀವು ತಿರುಗಿ ನೋಡುವಂತಿಲ್ಲ. ಊಟದ ಪೊಟ್ಟಣ ಯಾವಾಗ ಬರುತ್ತದೋ ಗೊತ್ತಿಲ್ಲ. ಹೊಸ ಬೂಟಾದರೆ ಸಂಜೆಯೊಳಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿರುತ್ತದೆ. (ಹಳಬರು ಎರಡು ಜೊತೆ ಸಾಕ್ಸ್ ಹಾಕುತ್ತಾರೆ.) ಇದನ್ನು ಓದಿಯೂ ‘ಆಗಲಿ, ಹೋಗ್ತೀನಿ’ ಅನ್ನಿಸಿದರೆ ಈ ಕೆಲಸ ನಿಮಗೆ ಹಿಡಿಸುತ್ತದೆ.

ಈಗ ದುಡ್ಡಿನ ಮಾತು. ಗೃಹರಕ್ಷಕ ದಳ ನೌಕರಿ ಅಲ್ಲ, ಸ್ವಯಂಸೇವೆ. ಕರ್ತವ್ಯಕ್ಕೆ ಹೋದ ದಿನಕ್ಕೆ ಗೌರವಧನ ಸಿಗುತ್ತದೆ, ಹೋಗದ ದಿನಕ್ಕೆ ಇಲ್ಲ. ಪಿಂಚಣಿ ಇಲ್ಲ. ಎಷ್ಟೇ ವರ್ಷ ಮಾಡಿದರೂ ‘ಪರ್ಮನೆಂಟ್’ ಆಗುವುದಿಲ್ಲ. ಇದರ ಬಗ್ಗೆ ಹಿಮಾಚಲ ಪ್ರದೇಶದ ಗೃಹರಕ್ಷಕರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. 2015ರಲ್ಲಿ ತೀರ್ಪು ಬಂತು: ಇವರನ್ನು ಕಾಯಂ ನೌಕರರೆಂದು ಹೇಳಲಾಗದು, ಆದರೆ ದಿನದ ಭತ್ಯೆ ಎಷ್ಟಿರಬೇಕೆಂದರೆ 30 ದಿನಕ್ಕೆ ಲೆಕ್ಕ ಹಾಕಿದರೆ ಆ ರಾಜ್ಯದ ಪೊಲೀಸರ ಕನಿಷ್ಠ ವೇತನಕ್ಕೆ ಸಮ ಬರಬೇಕು. ತೀರ್ಪಿನ ನಂತರ ಹಲವು ರಾಜ್ಯಗಳಲ್ಲಿ ಭತ್ಯೆ ಏರಿತು. ಆದರೂ ನಿಜವಾದ ತೊಂದರೆ ದಿನದ ದರದಲ್ಲಿಲ್ಲ. ತಿಂಗಳಿಗೆ ಎಷ್ಟು ದಿನ ಕರ್ತವ್ಯ ಸಿಗುತ್ತದೆ ಅನ್ನುವುದರಲ್ಲಿದೆ. ಚುನಾವಣೆ, ಹಬ್ಬದ ತಿಂಗಳಲ್ಲಿ ಕೈತುಂಬ ಕೆಲಸ. ಇಲಾಖೆ ಖರ್ಚು ಕಡಿಮೆ ಮಾಡಿದ ತಿಂಗಳಲ್ಲಿ ಮನೆಯಲ್ಲೇ. ಅದಕ್ಕೇ ಹೇಳುವುದು, ಈಗಿನ ಕೆಲಸ ಬಿಟ್ಟು ಇದಕ್ಕೆ ಹೋಗಬೇಡಿ. ರಜೆ, ಶಿಫ್ಟು ಹೊಂದಿಸಿಕೊಂಡು ಎರಡನ್ನೂ ನಿಭಾಯಿಸಲು ಸಾಧ್ಯವಾ ಅಂತ ಮನೆಯವರ ಜೊತೆ ಕೂತು ಮಾತಾಡಿ.

ಇನ್ನೊಂದು ದಾರಿ ಇದೆ, ಇದನ್ನು ಯಾರೂ ಹೇಳುವುದಿಲ್ಲ. 35 ದಾಟಿದವರೇ ಬೇಕು ಅನ್ನುವ ಸ್ಥಾನಗಳಿವೆ. ಪ್ರತಿ ಜಿಲ್ಲೆಯಲ್ಲೂ ಒಂದು ಮಕ್ಕಳ ಕಲ್ಯಾಣ ಸಮಿತಿ, ಒಂದು ಬಾಲ ನ್ಯಾಯ ಮಂಡಳಿ ಇರುತ್ತದೆ. ಮನೆಬಿಟ್ಟು ಬಂದ ಮಗು, ಬಾಲಕಾರ್ಮಿಕ, ಬಾಲ್ಯವಿವಾಹದಿಂದ ಬಿಡಿಸಿಕೊಂಡು ಬಂದ ಹುಡುಗಿ, ಇವರನ್ನೆಲ್ಲ ಪೊಲೀಸರು ಸಮಿತಿಯ ಮುಂದೆ ಹಾಜರುಪಡಿಸಬೇಕು. ಕಾನೂನು ತಪ್ಪಿದ ಮಕ್ಕಳು ಮಂಡಳಿಯ ಮುಂದೆ. ಬಾಲ ನ್ಯಾಯ ಕಾಯ್ದೆ 2015ರ ಪ್ರಕಾರ ಸಮಿತಿಗೆ ಮ್ಯಾಜಿಸ್ಟ್ರೇಟ್ ಪೀಠದ ಅಧಿಕಾರ ಇದೆ, ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಮಕ್ಕಳ ಶಿಕ್ಷಣ, ಆರೋಗ್ಯ, ಕಲ್ಯಾಣದಲ್ಲಿ ಏಳು ವರ್ಷ ಕೆಲಸ ಮಾಡಿದವರು, ಮನಶ್ಶಾಸ್ತ್ರ, ಸಮಾಜಕಾರ್ಯ, ಕಾನೂನು ಓದಿ ವೃತ್ತಿಯಲ್ಲಿರುವವರು ಅರ್ಜಿ ಹಾಕಬಹುದು. ಅವಧಿ ಮೂರು ವರ್ಷ. ಖಾಕಿ ಇಲ್ಲ, ಲಾಠಿ ಇಲ್ಲ. ಆದರೆ ಠಾಣೆಯವರು ‘ಮುಂದೇನು ಮೇಡಂ’ ಅಂತ ಕೇಳಿಕೊಂಡು ಬರುವುದು ಇಲ್ಲಿಗೇ. ಇದನ್ನು ಓದುತ್ತಿರುವ ಟೀಚರ್‌ಗಳು, ಸಂಘಸಂಸ್ಥೆಗಳಲ್ಲಿ ಮಕ್ಕಳ ಜೊತೆ ದುಡಿದವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಪ್ರಕಟಣೆಗಳ ಮೇಲೆ ಒಂದು ಕಣ್ಣಿಟ್ಟಿರಿ.

ವಕೀಲರಿಗೂ ಒಂದು ದಾರಿ ಇದೆ. ಏಳು ವರ್ಷ ವಕಾಲತ್ತು ಮಾಡಿದವರನ್ನು ಜಿಲ್ಲೆಯ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿ ನೇಮಿಸಬಹುದು ಅಂತ ಸಿಆರ್‌ಪಿಸಿ ಬದಲಿಗೆ ಬಂದಿರುವ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 18ನೇ ಕಲಂ ಹೇಳುತ್ತದೆ. ನೀವು ಇವತ್ತು ಎಲ್‌ಎಲ್‌ಬಿಗೆ ಸೇರಿದರೆ ಅಲ್ಲಿ ತಲುಪುವಾಗ 52. ಅಸಾಧ್ಯವೇನಲ್ಲ, ಆದರೆ ಅದು ಬೇರೆಯೇ ಜೀವನ. ಕಂಪ್ಯೂಟರ್ ಗೊತ್ತಿರುವವರು ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಸೈಬರ್ ಸ್ವಯಂಸೇವಕರಾಗಿ ಹೆಸರು ನೋಂದಾಯಿಸಬಹುದು. ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ 65ರ ಒಳಗಿನವರನ್ನು ತೆಗೆದುಕೊಳ್ಳಲು 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯಲ್ಲೇ ಅವಕಾಶ ಇದೆ. ಆದರೆ ಅದನ್ನು ಪೊಲೀಸ್ ಕೆಲಸ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಹೊರದೇಶದಲ್ಲಿರುವ ಕನ್ನಡಿಗರೂ ಇದೇ ಪ್ರಶ್ನೆ ಕೇಳುತ್ತಾರೆ, ಅವರ ಉತ್ತರ ನಮ್ಮದಕ್ಕಿಂತ ಸಿಹಿ. ಇಂಗ್ಲೆಂಡಿನಲ್ಲಿ ಕಾನ್ಸ್‌ಟೇಬಲ್ ಆಗಲು ಗರಿಷ್ಠ ವಯಸ್ಸಿನ ಮಿತಿಯೇ ಇಲ್ಲ. 60ಕ್ಕೆ ನಿವೃತ್ತಿ, ಅಷ್ಟೆ. 15 ಮೀಟರ್ ಹಿಂದೆ ಮುಂದೆ ಓಡುವ ಪರೀಕ್ಷೆಯಲ್ಲಿ 5.4 ಹಂತ ಮುಟ್ಟಬೇಕು, ಇಪ್ಪತ್ತರವರಿಗೂ ನಲವತ್ತೈದರವರಿಗೂ ಅದೇ. ಅಲ್ಲಿ ಸ್ಪೆಷಲ್ ಕಾನ್ಸ್‌ಟೇಬಲ್ ಅಂತ ಸಂಬಳವಿಲ್ಲದ ಸ್ವಯಂಸೇವಕರೂ ಇದ್ದಾರೆ, ಅವರಿಗೆ ಪೊಲೀಸರ ಪೂರ್ತಿ ಅಧಿಕಾರ. ಕೆನಡಾದ ರಾಷ್ಟ್ರೀಯ ಪೊಲೀಸ್ ಪಡೆ ಆರ್‌ಸಿಎಂಪಿಯಲ್ಲೂ ಮೇಲ್ಮಿತಿ ಇಲ್ಲ, ರೆಜೈನಾದಲ್ಲಿ 26 ವಾರ ತರಬೇತಿ. ಅಮೆರಿಕದಲ್ಲಿ ಊರಿಗೊಂದು ನಿಯಮ. ಲಾಸ್ ಏಂಜಲೀಸ್ ಪೊಲೀಸರಿಗೆ ಗರಿಷ್ಠ ವಯಸ್ಸಿಲ್ಲ, ಎಫ್‌ಬಿಐ ಏಜೆಂಟ್ ಆಗಲು ಮಾತ್ರ 37 ತುಂಬುವ ಮೊದಲೇ ನೇಮಕವಾಗಬೇಕು. ಹಾಗಾಗಿ ಅಲ್ಲಿನವರಿಗೆ ವಯಸ್ಸಿಗಿಂತ ಪೌರತ್ವ, ವೀಸಾಗಳೇ ಮೊದಲ ತಡೆ.

ಕೊನೆಗೆ ಒಂದು ಎಚ್ಚರಿಕೆ. ‘ವಯಸ್ಸು ಅಡ್ಜಸ್ಟ್ ಮಾಡಿಸ್ತೀವಿ, ಇಲಾಖೆಯಲ್ಲಿ ನಮ್ಮವರಿದ್ದಾರೆ’ ಅನ್ನುವವರು ಸಿಗುತ್ತಾರೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ನೆನಪಿದೆಯಾ? ದುಡ್ಡು ಕೊಟ್ಟು ಉತ್ತರ ಪತ್ರಿಕೆ ತಿದ್ದಿಸಿದ್ದು ಹೊರಬಿದ್ದು, ಹಿರಿಯ ಅಧಿಕಾರಿಗಳೂ ಜೈಲು ಸೇರಿದರು. ಪ್ರಾಮಾಣಿಕವಾಗಿ ಪಾಸಾದವರೂ ಸೇರಿ ಎಲ್ಲರೂ 2024ರ ಜನವರಿಯಲ್ಲಿ ಮತ್ತೆ ಬರೆಯಬೇಕಾಯಿತು. ಗೃಹರಕ್ಷಕ ದಳಕ್ಕೆ ಸೇರಲು ಯಾರಿಗೂ ಒಂದು ರೂಪಾಯಿ ಲಂಚ ಕೊಡಬೇಕಾಗಿಲ್ಲ.

ನಿಮ್ಮ ಜಿಲ್ಲಾ ಕೇಂದ್ರದಲ್ಲಿ ಗೃಹರಕ್ಷಕ ದಳದ ಕಚೇರಿ ಇರುತ್ತದೆ. ಫೋನ್ ಮಾಡುವುದಕ್ಕಿಂತ ಒಂದು ಸಲ ಹೋಗಿಬನ್ನಿ. ಭರ್ತಿ ಯಾವಾಗ, ನಿಮ್ಮ ತಾಲೂಕಿನ ಘಟಕದಲ್ಲಿ ಜಾಗ ಖಾಲಿ ಇದೆಯಾ, ಈ ಸಲದ ವಯಸ್ಸಿನ ಮಿತಿ ಎಷ್ಟು ಅಂತ ಕೇಳಿ. ಆಮೇಲೆ ಘಟಕಾಧಿಕಾರಿಯನ್ನೂ ಭೇಟಿ ಮಾಡಿ, ಕಳೆದ ಆರು ತಿಂಗಳಲ್ಲಿ ಒಬ್ಬರಿಗೆ ಸರಾಸರಿ ಎಷ್ಟು ದಿನ ಕರ್ತವ್ಯ ಸಿಕ್ಕಿತು, ಭತ್ಯೆ ಬ್ಯಾಂಕ್ ಖಾತೆಗೆ ಬರಲು ಎಷ್ಟು ತಿಂಗಳಾಗುತ್ತದೆ ಅಂತ ವಿಚಾರಿಸಿ. ಈ ಎರಡಕ್ಕೆ ಸರಿಯಾದ ಉತ್ತರ ಕಚೇರಿಗಿಂತ ಜಂಕ್ಷನ್‌ನಲ್ಲಿ ನಿಂತಿರುವ ಗೃಹರಕ್ಷಕರ ಬಳಿಯೇ ಬೇಗ ಸಿಗುತ್ತದೆ. ಕರ್ತವ್ಯ ಮುಗಿಸಿ ಅವರು ಟೀ ಕುಡಿಯುವ ಹೊತ್ತು ನೋಡಿ ಮಾತಾಡಿಸಿ.