ನಾರ್ವೆ ಎಕ್ಸ್‌ಚೇಂಜ್‌ಗೆ ಹೋದವ್ರು ಬೆಟ್ಟ ಕಾಡು ಸುತ್ತಿದ್ರೆ ನಿಜವಾಗ್ಲೂ ಬದಲಾಗ್ತಾರಾ?

ಓದುಗರ ಪ್ರಶ್ನೆ: ಮುಂದಿನ ಸೆಮಿಸ್ಟರ್‌ಗೆ ನಾರ್ವೆಗೆ ಹೋಗ್ತಿದೀನಿ. ಅಲ್ಲಿ ವೀಕೆಂಡ್ ಬಂದ್ರೆ ಸ್ಟೂಡೆಂಟ್ಸ್ ಎಲ್ಲಾ ಟೆಂಟ್ ಹೊತ್ಕೊಂಡು ಬೆಟ್ಟಕ್ಕೆ ಹೊರಡ್ತಾರಂತೆ. ಇದ್ರಿಂದ ವ್ಯಕ್ತಿತ್ವ ಬೆಳೆಯತ್ತೆ ಅಂತಾರೆ, ನಿಜಾನಾ?

ನಿಜ. ಆದ್ರೆ ಬೆಟ್ಟದ ತುದಿ ಮುಟ್ಟಿದ್ದಕ್ಕೆ ಬೆಳೀತೀರಿ ಅಂತ ನಂಗನ್ಸಲ್ಲ, ದಾರಿ ಉದ್ದಕ್ಕೂ ನೀವೇ ತೀರ್ಮಾನ ತಗೋಬೇಕಾಗತ್ತಲ್ಲ, ಅದು ಬೆಳೆಸತ್ತೆ. ಎಕ್ಸ್‌ಚೇಂಜ್‌ನಲ್ಲಿ ಕೋರ್ಸು, ರೂಮು, ಟೈಮ್‌ಟೇಬಲ್ಲು ಎಲ್ಲಾ ಬೇರೆಯವ್ರೇ ರೆಡಿ ಮಾಡಿರ್ತಾರೆ. ಊರಾಚೆ ಹೋದ್ರೆ ಹಾಗಲ್ಲ. 1957ರ ಕಾನೂನಿನ ಪ್ರಕಾರ ಬೇಸಾಯ ಇಲ್ಲದ ಜಾಗದಲ್ಲಿ, ಅದು ಖಾಸಗಿ ಆದ್ರೂ, ಯಾರು ಬೇಕಾದ್ರೂ ಓಡಾಡ್ಬಹುದು, ಜನ ಇರೋ ಮನೆಯಿಂದ 150 ಮೀಟರ್ ಆಚೆ ಟೆಂಟ್ ಹಾಕಿ ಎರಡು ರಾತ್ರಿ ಇರೋಕೆ ಯಾರ ಪರ್ಮಿಷನ್ನೂ ಬೇಡ. ಗೇಟಿಲ್ಲ, ಟಿಕೆಟ್ಟಿಲ್ಲ. ಹಾಗಂತ ಕಸ ಬಿಟ್ಟು ಬರಂಗಿಲ್ಲ, ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಲ್ಲಿ, ಕಾಡಿನ ಹತ್ರ ಬೆಂಕಿ ಹಾಕಂಗಿಲ್ಲ. ಕಾಯೋರಿಲ್ಲದ ಕಡೆ ಇದನ್ನೆಲ್ಲಾ ನೆನಪಿಟ್ಕೊಂಡು ನಡ್ಕೊಳ್ಳೋದು ನಿಮ್ಗೆ ಬಿಟ್ಟಿದ್ದು.

ನಂಗೆ ತುಂಬಾ ಇಷ್ಟ ಆಗೋದು ಅಲ್ಲಿನ ಕ್ಯಾಬಿನ್ ಪದ್ಧತಿ. 1868ರಲ್ಲಿ ಶುರುವಾದ ಚಾರಣಿಗರ ಸಂಘಕ್ಕೆ 500ಕ್ಕೂ ಹೆಚ್ಚು ಕ್ಯಾಬಿನ್ ಇವೆ, ಸುಮಾರು ಕಡೆ ಸಿಬ್ಬಂದಿನೇ ಇರಲ್ಲ. ಸುಸ್ತಾಗಿ ಬಂದು ಬೀಗ ತೆಗೆದ್ರೆ ಒಳಗೆ ಕೊರೆಯೋ ಚಳಿ, ಮೊದ್ಲು ಸೌದೆ ಒಲೆ ಹಚ್ಬೇಕು, ತೊರೆಯಿಂದ ನೀರು ತರ್ಬೇಕು, ಚಳಿಗಾಲ ಆದ್ರೆ ಪಾತ್ರೆ ತುಂಬ ಹಿಮ ತುಂಬ್ಕೊಂಡು ಕರಗಿಸ್ಬೇಕು, ಪುಸ್ತಕದಲ್ಲಿ ಹೆಸರು ಬರೀಬೇಕು, ಕೆಲವು ಕಡೆ ದಿನಸಿ ಇಟ್ಟಿರ್ತಾರೆ, ತಗೊಂಡಿದ್ದಕ್ಕೆ ನಾವೇ ಲೆಕ್ಕ ಬರ್ದು ದುಡ್ಡು ಕಟ್ಬೇಕು. ಹೊರಡೋ ಮುಂಚೆ ನೆಲ ಗುಡಿಸಿ, ಮುಂದೆ ಬರೋರಿಗೆ ಸೌದೆ ಸೀಳಿ ಒಲೆ ಪಕ್ಕ ಜೋಡಿಸಿಡ್ಬೇಕು. ಭಾಷೆ ತೊಡಕಿಂದ ಕ್ಲಾಸಲ್ಲಿ ಬಾಯೇ ಬಿಡದ ಹುಡುಗಿ ಇಲ್ಲಿ ಬಕೆಟ್ ಹಿಡ್ಕೊಂಡು ಇನ್ನೊಬ್ಬಳ ಜೊತೆ ನೀರಿಗೆ ಹೋಗ್ತಾಳೆ, ಕೆಲ್ಸ ಇರೋದ್ರಿಂದ ಮಾತಿಗೆ ಒದ್ದಾಡ್ಬೇಕಾಗಿಲ್ಲ, ಸ್ನೇಹ ತಾನಾಗೇ ಶುರುವಾಗತ್ತೆ. ಪಾರ್ಟಿಗಳಲ್ಲಿ ಇದು ಇಷ್ಟು ಸಲೀಸಾಗಿ ಆಗಲ್ಲ.

ಇನ್ನೊಂದು, ವಾಪಸ್ ತಿರುಗೋದು. ಅಲ್ಲಿ ಬೆಟ್ಟಕ್ಕೆ ಹೋಗೋರಿಗೆ ಅಂತ 9 ನಿಯಮ ಇವೆ, 8ನೇದು ಸಮಯ ಇರೋವಾಗ್ಲೇ ಹಿಂದೆ ಬನ್ನಿ, ಅದ್ರಲ್ಲಿ ನಾಚಿಕೆ ಏನಿಲ್ಲ ಅನ್ನತ್ತೆ. ಚಿಕ್ಕಂದಿನಿಂದ ರ‍್ಯಾಂಕು ಮಾರ್ಕ್ಸು ಅಂತ ಓಡಿ ಬಂದೋರಿಗೆ ಇದು ಭಾರಿ ಕಷ್ಟ. ತುದಿ ಕಣ್ಮುಂದೆ ಇದೆ, ಮೋಡ ಕವೀತಿದೆ, ಗುಂಪಲ್ಲಿ ಒಬ್ಬನ ಕಾಲು ನಡುಗ್ತಿದೆ, ಆಗ ಸಾಕು ಇಳಿಯೋಣ ಅಂತ ಮೊದ್ಲು ಬಾಯಿಬಿಡೋಕೆ ಧೈರ್ಯ ಬೇಕು. ಅದನ್ನ ಒಂದ್ಸಲ ಹೇಳಿದವ್ರಿಗೆ, ಆಮೇಲೆ ಪ್ರೊಫೆಸರ್ ಹತ್ರ ಈ ಕೋರ್ಸ್ ನಂಗೆ ಜಾಸ್ತಿ ಆಯ್ತು ಅನ್ನೋದೂ ಸುಲಭ ಆಗತ್ತೆ.

ಎಲ್ರಿಗೂ ಹೀಗೇ ಆಗತ್ತೆ ಅಂತ ಹೇಳಲ್ಲ. ತಮಗಿಂತ ಫಾಸ್ಟ್ ಇರೋ ಗುಂಪಿನ ಹಿಂದೆ ಏದುಸಿರು ಬಿಡ್ತಾ ಹೋದವ್ರಿಗೆ ಸಿಗೋದು ಭಯ ಅಷ್ಟೇ. ಟ್ರೊಮ್ಸೊ ಥರ ಉತ್ತರದ ಊರಾದ್ರೆ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟೋದೇ ಇಲ್ಲ, ಆಗ ಬೆಟ್ಟ ಬೇಡ, ಮಧ್ಯಾಹ್ನ ಮಬ್ಬು ಬೆಳಕಿರೋ ಹೊತ್ತಲ್ಲಿ ಯಾರನ್ನಾದ್ರೂ ಕರ್ಕೊಂಡು ಸುಮ್ನೆ ನಡ್ದು ಬನ್ನಿ.

ಶುರುವಿಗೆ ಯೂನಿವರ್ಸಿಟಿಯ ಸ್ಟೂಡೆಂಟ್ ಕ್ಲಬ್ ಜೊತೆ ಒಂದು ದಿನದ ನಡಿಗೆ ಸಾಕು. ಮೈಗೆ ತಾಗೋ ಬಟ್ಟೆ ಹತ್ತಿದು ಬೇಡ, ಉಣ್ಣೆದಿರ್ಲಿ, ಒದ್ದೆ ಆದ್ರೂ ಬೆಚ್ಚಗಿಡತ್ತೆ. ಎಲ್ಲಿಗೆ ಹೋಗ್ತಿದೀರಿ, ಎಷ್ಟೊತ್ತಿಗೆ ಬರ್ತೀರಿ ಅಂತ ರೂಮ್‌ಮೇಟ್‌ಗೆ ಹೇಳಿ ಹೊರಡಿ.