ಉತ್ಪನ್ನ ನಿರ್ವಹಣೆಯಲ್ಲಿ ಚಾಟ್‌ಬಾಟ್: ಸಾಕ್ಷ್ಯ ಯಾವುದು, ಊಹೆ ಯಾವುದು?

ಪ್ರಾಡಕ್ಟ್ ಮ್ಯಾನೇಜ್‌ಮೆಂಟ್, ಅಂದರೆ ಒಂದು ಉತ್ಪನ್ನದಲ್ಲಿ ಏನಿರಬೇಕು, ಯಾವುದು ಮೊದಲು ಎಂದು ನಿರ್ಧರಿಸುವ ಕೆಲಸ, ಕಲಿಯಲು ಹೊರಟ ನಾವೆಲ್ಲರೂ ಚಾಟ್‌ಬಾಟ್‌ಗೆ ಮೊದಲು ಕೇಳುವುದು "ಈ ಆ್ಯಪ್‌ಗೆ ಯಾವ ಫೀಚರ್‌ಗಳು ಬೇಕು?" ಎಂದು. ಆ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿರಿಸಿ, ನಮ್ಮ ಕೈಯಲ್ಲಿರುವ ಸಾಕ್ಷ್ಯವನ್ನು ಜರಡಿ ಹಿಡಿಯಲು ಚಾಟ್‌ಬಾಟ್ ಬಳಸಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಾರಣ ಅದು ಕೆಲಸ ಮಾಡುವ ರೀತಿಯಲ್ಲೇ ಇದೆ. 2022ರ ನವೆಂಬರ್ 30ರಂದು ಬಿಡುಗಡೆಯಾದ ಚಾಟ್‌ಜಿಪಿಟಿಯಾಗಲಿ, ಅದರ ನಂತರ ಬಂದವುಗಳಾಗಲಿ, ಅಪಾರ ಪಠ್ಯದಿಂದ ಕಲಿತು, ಮುಂದೆ ಬರಬಹುದಾದ ಪದವನ್ನು ಅಂದಾಜು ಮಾಡುತ್ತಾ ಉತ್ತರ ಕಟ್ಟುತ್ತವೆ. ಹಾಗಾಗಿ ಸಾಕ್ಷ್ಯ ಕೊಡದೆ ಕೇಳಿದರೆ, ಎಲ್ಲರೂ ಹೇಳುವಂಥ ಮಾತೇ ಮೊದಲು ಬರುತ್ತದೆ.

ನಮ್ಮ ಅಧ್ಯಯನ ಗುಂಪಿನ ನಾಲ್ವರು ಅಭ್ಯಾಸಕ್ಕೆಂದು ಜಯನಗರದ ಒಂದು ದರ್ಶಿನಿಯನ್ನು ಆರಿಸಿಕೊಂಡು, ತಿಂಡಿಗೆ ಮುಂಗಡ ಆರ್ಡರ್ ಕೊಡುವ ಆ್ಯಪ್ ಒಂದನ್ನು ಕಲ್ಪಿಸಿಕೊಂಡೆವು. ಬರಿಗೈಯಲ್ಲಿ ಕೇಳಿದಾಗ ಬಂದ ಪಟ್ಟಿಯಲ್ಲಿ ಟೇಬಲ್ ಕಾಯ್ದಿರಿಸುವ ಸೌಲಭ್ಯವೂ ಇತ್ತು. ನಿಂತುಕೊಂಡೇ ತಿಂದು ಹೊರಡುವ ಜಾಗದಲ್ಲಿ ಯಾವ ಟೇಬಲ್ ಕಾಯ್ದಿರಿಸುವುದು?

ಎರಡನೆಯ ಸಲ ಗಿರಾಕಿಗಳು ಮತ್ತು ಕೆಲಸಗಾರರು ಹೇಳಿದ್ದನ್ನು ಬರೆದಿಟ್ಟಂತೆಯೇ ಕೊಟ್ಟು, ಸಾರಾಂಶ ಕೇಳಿದೆವು. ಸಾರಾಂಶ ಓದಲು ಚೆನ್ನಾಗಿತ್ತು, ಆದರೆ ಎರಡು ಕಡೆ ಎಡವಿತ್ತು. "ಪರವಾಗಿಲ್ಲ ಬಿಡಿ, ಹೆಂಗೋ ಅಡ್ಜಸ್ಟ್ ಮಾಡ್ಕೋತೀವಿ" ಎಂದು ಒಬ್ಬ ಗಿರಾಕಿ ಸರತಿಯ ಬಗ್ಗೆ ಹೇಳಿದ್ದನ್ನು ಅದು ತೃಪ್ತಿಯ ಲೆಕ್ಕಕ್ಕೆ ಸೇರಿಸಿತ್ತು. ಬೆಂಗಳೂರಿನಲ್ಲಿ ಬೆಳೆದವರಿಗೆ ಅದು ದೂರೆಂದು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು, ಕಾವಲಿಯ ಮುಂದಿದ್ದ ಭಟ್ಟರ ಮಾತು: "ಮುಂಚೇನೇ ಹುಯ್ದಿಟ್ರೆ ದೋಸೆ ಮೆತ್ತಗಾಗತ್ತೆ ಸಾರ್, ಆಮೇಲೆ ಬೈಸಿಕೊಳ್ಳೋದು ನಾನು." ಹಾಗೆ ಹೇಳಿದವರು ಅವರೊಬ್ಬರೇ ಆದ್ದರಿಂದ ಆ ಮಾತು ಸಾರಾಂಶದಲ್ಲಿ ಕಾಣಲೇ ಇಲ್ಲ. ಹಲವರು ಹೇಳಿದ್ದನ್ನು ಸಾರಾಂಶ ಉಳಿಸಿಕೊಳ್ಳುತ್ತದೆ, ಒಬ್ಬರೇ ಹೇಳಿದ್ದನ್ನು ಸುಲಭವಾಗಿ ಕೈಬಿಡುತ್ತದೆ. ಉತ್ಪನ್ನದ ಅಳಿವು ಉಳಿವು ಆ ಒಬ್ಬರ ಮಾತಿನಲ್ಲೇ ಅಡಗಿರುವುದುಂಟು.

ಅಲ್ಲಿಂದ ನಾವು ಕ್ರಮ ಬದಲಿಸಿದೆವು. ಪ್ರತಿ ಹೇಳಿಕೆಗೂ ಒಂದು ಸಂಖ್ಯೆ ಕೊಟ್ಟು, ಪ್ರತಿ ತೀರ್ಮಾನದ ಎದುರು ಅದಕ್ಕೆ ಆಧಾರವಾದ ಹೇಳಿಕೆಯ ಸಂಖ್ಯೆಯನ್ನೂ, ಅದಕ್ಕೆ ವಿರುದ್ಧವಾದ ಹೇಳಿಕೆಯ ಸಂಖ್ಯೆಯನ್ನೂ ಬರೆಯಬೇಕು, ಆಧಾರವಿಲ್ಲದ್ದನ್ನು ಊಹೆ ಎಂದೇ ಗುರುತಿಸಬೇಕು ಎಂದು ಕೇಳತೊಡಗಿದೆವು. ಬಂದ ಸಂಖ್ಯೆಗಳನ್ನು ಮೂಲದೊಂದಿಗೆ ಹೋಲಿಸಿ ನೋಡುವ ಕೆಲಸ ಮಾತ್ರ ನಮ್ಮದೇ, ಏಕೆಂದರೆ ಇಲ್ಲದ ಆಧಾರವನ್ನೂ ಚಾಟ್‌ಬಾಟ್ ಅಷ್ಟೇ ನಿಶ್ಚಯದ ದನಿಯಲ್ಲಿ ಕೊಡಬಲ್ಲದು. ಹೇಳಿಕೆಗಳನ್ನು ಅಂಟಿಸುವ ಮುನ್ನ ಹೆಸರು, ಫೋನ್ ಸಂಖ್ಯೆಗಳನ್ನು ತೆಗೆದುಹಾಕಿರಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ 2023ರಲ್ಲಿ ನಮ್ಮ ದೇಶದಲ್ಲಿ ಕಾಯ್ದೆಯೂ ಆಗಿದೆ.

ಆದ್ಯತೆ ನಿರ್ಧರಿಸುವಾಗ ಊಹೆ ಎಷ್ಟು ಸದ್ದಿಲ್ಲದೆ ನುಸುಳುತ್ತದೆ ಎಂಬುದನ್ನು ರೈಸ್ (RICE) ಎಂಬ ಲೆಕ್ಕದಲ್ಲಿ ನೋಡಬಹುದು. ಇಂಟರ್‌ಕಾಮ್ ಎಂಬ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ರೂಪುಗೊಂಡ ಈ ವಿಧಾನದಲ್ಲಿ ತಲುಪುವ ಜನರ ಸಂಖ್ಯೆ, ಪರಿಣಾಮ, ನಮ್ಮ ಅಂದಾಜಿನ ಮೇಲೆ ನಮಗಿರುವ ಭರವಸೆ ಈ ಮೂರನ್ನೂ ಗುಣಿಸಿ, ಬೇಕಾಗುವ ಶ್ರಮದಿಂದ ಭಾಗಿಸುತ್ತಾರೆ. ನಮ್ಮ ಮುಂಗಡ ಆರ್ಡರ್‌ಗೆ ತಿಂಗಳಿಗೆ 900 ಜನ, ಪರಿಣಾಮ 2, ಭರವಸೆ ಶೇ. 50, ಶ್ರಮ ಒಬ್ಬರ 3 ತಿಂಗಳ ಕೆಲಸ ಎಂದಿಟ್ಟುಕೊಂಡರೆ ಅಂಕ 300. ಖಾಲಿಯಾದ ತಿಂಡಿಯ ಹೆಸರನ್ನು ಗಲ್ಲಾದ ಮುಂದೆಯೇ ತೋರಿಸುವ ಪರದೆಗೆ 500 ಜನ, ಪರಿಣಾಮ 1, ಭರವಸೆ ಶೇ. 80, ಶ್ರಮ 1 ತಿಂಗಳು ಎಂದಾದರೆ ಅಂಕ 400. ಅಂದರೆ ಪರದೆಯೇ ಮುಂದು. ಚಾಟ್‌ಬಾಟ್ ಮುಂಗಡ ಆರ್ಡರ್‌ಗೂ ಶೇ. 80ರ ಭರವಸೆ ಕೊಟ್ಟಿದ್ದರಿಂದ ಅದರ ಅಂಕ 480ಕ್ಕೆ ಏರಿ, ಕ್ರಮವೇ ತಲೆಕೆಳಗಾಯಿತು. ಭಟ್ಟರ ಮಾತು ಲೆಕ್ಕದಲ್ಲಿದ್ದಿದ್ದರೆ ಯಾರೂ 80 ಎಂದು ಬರೆಯುತ್ತಿರಲಿಲ್ಲ. ಗುಣಾಕಾರವನ್ನು ಯಂತ್ರಕ್ಕೆ ಬಿಡಬಹುದು, ಆದರೆ ಭರವಸೆಯ ಅಂಕವನ್ನು ಗಿರಾಕಿಯನ್ನು ಕಂಡು ಮಾತಾಡಿದವರೇ ಹಾಕಬೇಕು.

ಕಾರ್ಯತಂತ್ರದ ವಿಷಯಕ್ಕೆ ಬಂದರೆ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಅಲ್ಲಿ ಏನನ್ನು ಮಾಡುವುದಿಲ್ಲ ಎಂಬ ಆಯ್ಕೆಯೇ ಮುಖ್ಯ. ಪ್ರತಿ ಸವಾರಿಗೂ ಕಮಿಷನ್ ಮುರಿದುಕೊಳ್ಳುವುದು ರೂಢಿಯಾಗಿದ್ದಾಗ, ನಮ್ಮ ಬೆಂಗಳೂರಿನಲ್ಲೇ ಶುರುವಾದ ಆಟೊ ಬುಕಿಂಗ್ ಆ್ಯಪ್ 'ನಮ್ಮ ಯಾತ್ರಿ' ಕಮಿಷನ್ ಬೇಡವೆಂದು, 2023ರಲ್ಲಿ ಚಾಲಕರಿಂದ ಚಂದಾ ಪಡೆಯುವ ದಾರಿ ಹಿಡಿಯಿತು. ರೂಢಿಯ ಉತ್ತರವನ್ನೇ ಮೊದಲು ಮುಂದಿಡುವ ಸಾಧನದಿಂದ ಇಂಥ ಆಯ್ಕೆಯನ್ನು ನಿರೀಕ್ಷಿಸುವುದಕ್ಕಿಂತ, ನಾವು ಆಯ್ಕೆ ಮಾಡಿದ ಮೇಲೆ ಆ ಸಾಧನವನ್ನು ಎದುರುಪಕ್ಷದಲ್ಲಿ ಕೂರಿಸುವುದು ಮೇಲು. ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಅವರ ಪ್ರಿಮಾರ್ಟಮ್ ವಿಧಾನ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಯೋಜನೆ ಆಗಲೇ ಸೋತಿದೆ ಎಂದುಕೊಂಡು, ಸೋಲಿನ ಕಾರಣಗಳನ್ನು ಬರೆಯುವುದು.

ನಮ್ಮ ಯೋಜನೆಗೆ ಚಾಟ್‌ಬಾಟ್ ಕೊಟ್ಟ ಕಾರಣಗಳಲ್ಲಿ ಹೆಚ್ಚಿನವು ಸಾಮಾನ್ಯವಾದವು. ಒಂದು ಮಾತ್ರ, ಮುಂಗಡ ಆರ್ಡರ್ ಮತ್ತು ನೇರ ಸರತಿ ಎರಡೂ ಒಬ್ಬರ ಕೈಗೇ ಬಂದು ಬೀಳಬಹುದು ಎಂಬುದು, ನಮ್ಮನ್ನು ಮತ್ತೆ ದರ್ಶಿನಿಗೆ ಕಳಿಸಿತು. ಬೆಳಿಗ್ಗೆ ಎಂಟೂವರೆಗೆ ಹೋಗಿ ನಿಂತು ನೋಡಿದರೆ, ಟೋಕನ್ ಪಡೆದು ಇಡ್ಲಿ ಬಡಿಸುತ್ತಿದ್ದ ಹುಡುಗನೇ ಪಾರ್ಸಲ್ ಕೂಡ ಕಟ್ಟುತ್ತಿದ್ದ. ನಾವು ಭರವಸೆಯ ಅಂಕವನ್ನು ಶೇ. 50ರಲ್ಲೇ ಇರಿಸಿ, ಮುಂಗಡ ಆರ್ಡರಿನ ಪಟ್ಟಿಯಿಂದ ದೋಸೆಯನ್ನು ಕೈಬಿಟ್ಟು, ಪರದೆಯ ಕೆಲಸವನ್ನು ಮೊದಲು ಎತ್ತಿಕೊಂಡೆವು.